ಫರಸಿಯ ಕೆಳಗಿನ ತಂತಿ

ಮಾನ್ಯ ಅಧ್ಯಕ್ಷರೇ, ಹಾರದ ಭಾರದಿಂದ ನನ್ನ ಕುತ್ತಿಗೆ ಬಗ್ಗಿಸಿದ ಅತಿಥಿಗಳೇ, ವಾಡಿ ಊರಿನ ನನ್ನ ಸಭಿಕರೇ,

ಟೆಲಿಫೋನ್ ಕಂಬ ಹತ್ತಿ ಹತ್ತಿ ಮುದುಕನಾದವನಿಗೆ ಈ ವೇದಿಕೆಯ ಮೆಟ್ಟಿಲು ಹತ್ತುವಷ್ಟರಲ್ಲಿ ತೇಕು ಬಂತು. ನಿವೃತ್ತಿ ಸರಿಯಾದ ಹೊತ್ತಿಗೇ ಬಂದಿದೆ. ಮೇಲೆ ಬರುವಾಗ ನಮ್ಮ ಸಾಹೇಬರು ಕಿವಿಯಲ್ಲಿ ಹೇಳಿದರು: "ಗುರುಲಿಂಗಯ್ಯನವರ, ಮಂದಿ ಫೋನ್ ಬಿಟ್ಟು ವೈರ್‌ಲೆಸ್ ಇಂಟರ್ನೆಟ್ ತಗೊಳ್ಳಾಕತ್ತಾರ. ಹಿಂಗಾದ್ರ ನಮ್ಮ ಎಕ್ಸ್‌ಚೇಂಜ್ ಮುಚ್ಚತಾರ. ಲೈನ್ ಬಿಡಬ್ಯಾಡ್ರಿ ಅಂತ ಒಂದು ಮಾತು ಹೇಳ್ರಿ, ನಿಮ್ಮ ಮಾತು ಕೇಳ್ತಾರ." ಹೇಳಬೇಕು. ಹೇಗೆ ಹೇಳಲಿ?

ಒಂದು ಕಾಲದಲ್ಲಿ ನಿಮಗೆ ಹೇಳಬೇಕಾಗಿರಲಿಲ್ಲ. ಫೋನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರು ನೀವು. ತೊಂಬತ್ತರ ದಶಕದಲ್ಲಿ ನಾನು ಫೋನ್ ಹಚ್ಚಲು ಹೋದರೆ ಊದುಬತ್ತಿ, ತೆಂಗಿನಕಾಯಿ! ಇಲ್ಲೇ ಮುಂದೆ ಕೂತಿರುವ ಖುರ್ಷಿದಬೇಗಂ ಅವರಂತೂ ಹಾಲು-ಶಾವಿಗೆಯ ಶೀರಖುರ್ಮಾ ಕುಡಿಸಿಯೇ ಕಳಿಸಿದರು. ನಮ್ಮ ನೆಲ ನಿಮಗೆ ಗೊತ್ತು, ಗುದ್ದಲಿ ಇಟ್ಟಲ್ಲಿ ಕಲ್ಲು. ಕೇಬಲ್ಲನ್ನು ಆಳಕ್ಕೆ ಹೂಳಲಾಗದೆ ಮೇಲ್ಮೇಲೆ ಹಾಸಿ ಚಪ್ಪಟೆ ಫರಸಿ ಕಲ್ಲು ಮುಚ್ಚುತ್ತಿದ್ದೆವು. ಯಾರಾದರೂ ಅಂಗಳಕ್ಕೆ ಹೊಸ ಫರಸಿ ಹಾಕಿಸಿದರೆ ತಂತಿ ಕಡಿದು ಫೋನ್ ಸತ್ತಿತೆಂದೇ ಲೆಕ್ಕ. ಆಗ ನಿಮ್ಮ ಬೈಗುಳ ಕೇಳಬೇಕಿತ್ತು! ನನ್ನ ಅಪ್ಪ, ಅಜ್ಜ ಯಾರನ್ನೂ ಬಿಟ್ಟಿಲ್ಲ ನೀವು. ಈಗ ಆ ಬೈಗುಳವೂ ಇಲ್ಲ.

ಹೋದ ತಿಂಗಳು ನನ್ನ ಜೊತೆಯ ಲೈನ್‌ಮನ್ ಪೀರಪ್ಪ ಈ ಸಮಾರಂಭಕ್ಕೆ ಕರೆಯಲು ಮನೆಗೆ ಬಂದ. "ಅಣ್ಣಾ, ಎಷ್ಟ್ ಸಲ ಫೋನ್ ಹಚ್ಚಿದೆ, ಯಾರೂ ಎತ್ತವಲ್ರು" ಅಂದ. ನಾನು ರಿಸೀವರ್ ಎತ್ತಿ ಕಿವಿಗಿಟ್ಟೆ. ಸದ್ದಿಲ್ಲ. ದೀಪಾವಳಿಗೆ ನಮ್ಮ ಅಂಗಳಕ್ಕೆ ಫರಸಿ ಹಾಕಿಸಿದ್ದೆ. ನಾನೇ ನಿಂತು ಹಾಕಿಸಿದ್ದೆ, ಸಭಿಕರೇ! ಆಗಲೇ ತಂತಿ ಕಡಿದಿದೆ. ಯುಗಾದಿ ಬಂದರೂ ಮನೆಯಲ್ಲಿ ಯಾರಿಗೂ ಗೊತ್ತಾಗಿಲ್ಲ. ನನಗೂ ಗೊತ್ತಾಗಿಲ್ಲ.

ಹೆಂಡತಿ ಚಂದಮ್ಮ, "ಇರ್ಲಿ ಬಿಡ್ರಿ, ಶಿವರಂಜನಿ ತಂದ ವೈರ್‌ಲೆಸ್ ಡಬ್ಬಿ ಭಾಳ ಛಲೋ ನಡೀಲಿಕತ್ತದ. ಇಂಟರ್ನೆಟ್ಟೂ ಅದರಾಗ, ಫೋನೂ ಅದರಾಗ" ಅಂದಳು. ಮಗಳು ಆ ಡಬ್ಬಿ ತಂದ ದಿನ ನಾನು ಊಟ ಬಿಟ್ಟಿದ್ದೆ. ಈಗ ರೈಲಿನ ವೇಳೆಯನ್ನು ಅದರ ಇಂಟರ್ನೆಟ್ಟಿನಲ್ಲೇ ನೋಡುತ್ತೇನೆ. ಹೊಟ್ಟೆ ಉರಿಯುತ್ತದೆ, ಆದರೂ ನೋಡುತ್ತೇನೆ.

ಸಾಹೇಬರೇ, ಕ್ಷಮಿಸಿ. ಲೈನ್ ಬಿಡಬೇಡಿ ಎಂದು ಈ ಜನಕ್ಕೆ ಹೇಳಲು ನನಗೆ ಬಾಯಿಲ್ಲ. ಆಗಲೇ ನಿಮ್ಮ ಭಾಷಣದಲ್ಲಿ ನಿವೃತ್ತನಾದವನಿಗೆ ಉಚಿತ ಫೋನ್ ಎಂದಿರಿ, ನಾಳೆಯೇ ಪೀರಪ್ಪ ಬಂದು ನನ್ನ ಲೈನ್ ರಿಪೇರಿ ಮಾಡುತ್ತಾನೆ ಎಂದಿರಿ. ನಿಮ್ಮ ಪ್ರೀತಿ ದೊಡ್ಡದು. ಆದರೆ ಅವನ ಕೈಲಿ ನಮ್ಮ ಅಂಗಳದ ಆ ಕಲ್ಲು ಎತ್ತಿಸಬೇಡಿ, ಅವನಿಗೂ ಸೊಂಟನೋವು. ಪೀರಪ್ಪಾ, ನಾಳೆ ಬರೀ ಚಹಾಕ್ಕೆ ಬಾ. ಹೊರಡುವ ಮುಂಚೆ ಫೋನ್ ಮಾಡು, ಮಗಳ ಡಬ್ಬಿಯ ನಂಬರಿಗೆ.

ಇಷ್ಟು ಹೊತ್ತು ಎದ್ದುಹೋಗದೆ ಕೇಳಿದ ನಿಮ್ಮ ಋಣ ದೊಡ್ಡದು. ಎಲ್ಲರಿಗೂ ಶರಣು, ನಮಸ್ಕಾರ.