ಲಾನ್ ಮಷಿನ್ನಿನ ಬ್ಲೇಡು ಹದಾ ಮಾಡಿದ್ದು

…ಇಲ್ಲ ಸುಮಿ, ನಿಮ್ಮಜ್ಜನ ಕುಲುಮಿ ಒಮ್ಮೆಲೆ ಆರಲಿಲ್ಲ. ಮೊದ್ಲ ಊರಾಗ ಟ್ರ್ಯಾಕ್ಟರ್ ಬಂದ್ವು, ರಂಟಿ-ಕುಂಟಿ ಅಂತ ಹೊಲದ ಸಾಮಾನು ಬಡಸಾಕ ಬರೋರು ಕಡಿಮಿ ಆದ್ರು, ಆಮ್ಯಾಲ… ಹಾಂ, ಆಮ್ಯಾಲ ಅವ್ರಿಗೆ ಲಕ್ವಾ ಹೊಡೀತು. ಬಲಗೈ ಸತ್ತಂಗ ಆತು. ಊರಿಗೆಲ್ಲ ಕೊಡ್ಲಿ ಕುಡಗೋಲು ಮಾಡಿಕೊಟ್ಟ ಮನಷ್ಯಾ, ರೊಟ್ಟಿ ಮುರಿಯಾಕ ನನ್ನ ಮಾರಿ ನೋಡೋ ಹಂಗಾತು. ಮಾತೂ ಬಿಟ್ರು. ಮಾತು ಬರತಿದ್ದಿಲ್ಲಂತಲ್ಲ ಮತ್ತ, ಬರತಿತ್ತು, ಆಡ್ತಿದ್ದಿಲ್ಲ. ಗ್ವಾಡಿ ಕಡೆ ಮಾರಿ ಮಾಡಿ ಮಲಗಿಬಿಡಾವ್ರು. ನಿಮ್ಮಪ್ಪ ಆಗ ಇನ್ನೂ ಸಾಲಿಗೆ ಹೋಗ್ತಿದ್ದ. ಮನಿ ನಡೀಬೇಕಲ್ಲ? ನಾ ಕಳೆ ತಗ್ಯಾಕ ಹೋದೆ, ಮೆಣಸಿನಕಾಯಿ ಹರ್ಯಾಕ ಹೋದೆ, ಅದೇನು ವರ್ಷಪೂರ್ತಿ ಇರೋ ಕೆಲಸೇನ? ಅಷ್ಟೊತ್ತಿಗೆ ಕುಂದಗೋಳ ರಸ್ತಾದ ಬಾಜು ಒಂದು ಲಗ್ನದ ಹಾಲ್ ಆತು. ಮುಂದ ಅಗದಿ ದೊಡ್ಡ ಹುಲ್ಲಿನ ಅಂಗಳ, ಲಾನ್ ಅಂತೀರಲ್ಲ, ಅದು. ಮಾಲಕ ವೀರಣ್ಣಾರು, ಹುಲ್ಲು ಕೊಯ್ಯೋ ಕೆಲಸ ಐತಿ ಬರ್ತಿಯೇನಬೇ ಅಂತ ಹೇಳಿಕಳಿಸಿದ್ರು. ನಾ ಕುಡಗೋಲು ತಗೊಂಡು ಹೋದ್ನಿ ನೋಡ್ರಿ, ಖರೇನ. ಅಲ್ಲಿ ನೋಡಿದ್ರ ಪೆಟ್ರೋಲ್ ಮಷಿನ್ನು. ದಬ್ಬಿಕೊಂಡು ಹೋಗೋದು, ಕೆಳಗ ಉದ್ದಂದೊಂದು ಬ್ಲೇಡು ಗರಗರ ತಿರಗತೈತಿ. ಮೊದಮೊದ್ಲ ಅಂಜಿಕಿ, ಆಮ್ಯಾಲ ಎಮ್ಮಿ ಹೊಡಕೊಂಡು ಹೋದಂಗ ಹೋಗ್ತಿದ್ದೆ.

ಹಂಗ ನಡದಿತ್ತು. ಆ ವರ್ಷ ಮಳಿ ಭಾಳ ಆಗಿ ಹುಲ್ಲು ಮೊಣಕಾಲಮಟ ಬೆಳದಿತ್ತು, ನಾಡದ್ದು ಒಂದು ಲಗ್ನ ಇತ್ತು. ಮಂಟಪ ಹಾಕಾವ್ರು ಹಗ್ಗಾ ಕಟ್ಟಿದ್ದ ಕಲ್ಲು ಹುಲ್ಲಾಗ ಬಿಟ್ಟಿದ್ರು, ನನಗ ಕಾಣ್ಲಿಲ್ಲ. ಖಟ್ ಅಂತು. ಬ್ಲೇಡಿನ ಒಂದು ಬಾಯಿ ಕಚ್ಚು ಕಚ್ಚು ಆತು. ಚಾಲೂ ಮಾಡಿದ್ರ ಮಷಿನ್ ಥರಥರ ನಡಗತೈತಿ, ಹುಲ್ಲು ಕೊಯ್ಯೂದಿಲ್ಲ, ಹರೀತೈತಿ. ವೀರಣ್ಣಾರು ಹುಬ್ಬಳ್ಳಿಗೆ ಫೋನ್ ಹಚ್ಚಿದ್ರು, ಹೊಸಾ ಬ್ಲೇಡು ಬರಾಕ ವಾರ ಬೇಕಂದ್ರಂತ. ಈ ಸರ್ತಿ ಬ್ಯಾರೇದವ್ರನ್ನ ಕರಸ್ತೇನಿ, ನಿಂದು ಮುಂದ ನೋಡೂಣು ಅಂದ್ರು. ಬೈಲಿಲ್ಲ, ಪಾಪ. ಆದ್ರ 'ಮುಂದ ನೋಡೂಣು' ಅಂದ್ರ ಏನಂತ ನಮ್ಮಂಥವ್ರಿಗೆ ಗೊತ್ತಿರತೈತಿ. ಇದೊಂದು ಸಂಜಿ ಕೊಡ್ರಿ ಅಂತ ಕೇಳಿ, ಪ್ಲಗ್ಗಿನ ವಾಯರ್ ಕಿತ್ತಿಟ್ಟು, ಅದನ್ನ ಮೊದ್ಲ ಕೀಳಬೇಕು ಮತ್ತ, ಇಲ್ಲಾಂದ್ರ ಬ್ಲೇಡು ಒಮ್ಮೆಲೆ ತಿರುಗಿ ಕೈಬಟ್ಟು ಹೋಗ್ತಾವ, ಬೋಲ್ಟ್ ಬಿಚ್ಚಿ ಬ್ಲೇಡು ಉಡಿಯಾಗ ಸುತ್ತಿಕೊಂಡು ಮನಿಗೆ ಬಂದೆ.

ನಿಮ್ಮಜ್ಜನ್ನ ಕೇಳಾಕ ಮನಸಾಗ್ಲಿಲ್ಲ. ನಾನ ಕುಲುಮಿ ಹಚ್ಚಿದೆ, ಇದ್ದಲಿ ಹಾಕಿದೆ, ಊದಿದೆ. ಹೊಗಿ ಒಳಗ ಹೋತು. ನೋಡ್ತೇನಿ, ಗ್ವಾಡಿ ಹಿಡಕೊಂಡು ಬಾಗಲದಾಗ ನಿಂತಾರ.

"ಏನ ಮಾಡಾಕತ್ತೀದಿ?"

"ಬ್ಲೇಡು ಕಾಸಾಕತ್ತೇನ್ರಿ, ಬಾಯಿ ಹೋಗೇತಿ."

"ಬೆಂಕಿಗೆ ಹಾಕಬ್ಯಾಡ. ನೀರು ಇಳಿತೈತಿ."

ನೀರು ಅಂದ್ರ ಕುಡಿಯೋ ನೀರಲ್ಲಪಾ, ಕಬ್ಬಿಣದ ಗಟ್ಟಿತನ. ಬೆಂಕಿಗೆ ಹಿಡದ್ರ ಮೆತ್ತಗಾಗಿ ಧಾರಿ ನಿಲ್ಲೂದಿಲ್ಲ. ಎಷ್ಟೋ ತಿಂಗಳಾದ ಮ್ಯಾಲ ತಾವಾಗೇ ಆಡಿದ ಮಾತು ಅದು. ಬಂದು ಕಬ್ಬಿಣ ಬಡಿಯೋ ಅಡಗಲ್ಲಿನ ಬಾಜು ಕುಂತ್ರು. ಅರ ತಾ ಅಂದ್ರು, ಅದ ತಿಕ್ಕತಾರಲ್ಲ, ಗೀರು ಗೀರು ಇರತೈತಿ. ಬ್ಲೇಡು ಕಾಲಾಗ ಒತ್ತಿಹಿಡದು ಎಡಗೈಲೆ ತಿಕ್ಕಿದ್ರು. ಜಾರಿತು. ಮತ್ತ ಜಾರಿತು. ಕಣ್ಣಾಗ ನೀರು ಬಂತು ಅವ್ರಿಗೆ. ಎದ್ದು ಹೋಗಿಬಿಡ್ತಾರೇನೋ ಅಂತ ನನಗ ಅಂಜಿಕಿ. ಹೋಗ್ಲಿಲ್ಲ. ಅರ ನನ್ನ ಕೈಯಾಗ ಕೊಟ್ರು.

"ಕೈ ನಿಂದು ಇರಲಿ. ನಾ ಹೇಳ್ತೇನಿ, ನೀ ತಿಕ್ಕು."

ಮೊದಲಿನ ಇಳಿಜಾರು ಹೆಂಗೈತಿ ಹಂಗ ತಿಕ್ಕು, ಒಂದ ಕಡೆ ದಬ್ಬು, ಭಾಳ ತೆಳ್ಳಗ ಮಾಡಿದ್ರ ಮುಕ್ಕಾಗತೈತಿ, ಹಂಗ ಹೇಳ್ಕೋತ ಕುಂತ್ರು. ಕಚ್ಚೆಲ್ಲ ಹೋದ್ವು. ಮುಗೀತು ಅಂದ್ರ, ಇಲ್ಲ, ಗ್ವಾಡಿಗೆ ಒಂದು ಮೊಳಿ ಬಡಿ ಅಂದ್ರು. ಬ್ಲೇಡಿನ ನಡುವಿನ ತೂತು ಅದರಾಗ ಹಾಕಿದ್ರ ಒಂದು ಕಡೆ ಕೆಳಗ ಇಳೀತು. ಅದಕ್ಕ ಮಷಿನ್ ನಡಗೋದಂತ, ಒಂದು ಬಾಜು ವಜ್ಜಾ, ಭಾರ ಆಗಿರತೈತಿ. ಆ ಬಾಜು ತುಸು ತುಸು ತಿಕ್ಕಿ, ಮತ್ತ ಹಾಕಿ, ಮತ್ತ ತಿಕ್ಕಿ… ಕಡೀಕ ತಕ್ಕಡಿ ನಿಂತಂಗ ಅಡ್ಡಕ ನಿಂತ್ಬಿಡ್ತು. ಅವ್ರು ಎಡಗೈ ಬಟ್ಟಿಲೆ ಒಮ್ಮಿ ತಿರುವಿ ನೋಡಿ, ಹಸಿವ್ಯಾಗೇತಿ ಅಂದ್ರು. ಹಸಿವಿ ಅಂತ ಬಾಯಿ ಬಿಟ್ಟು ಕೇಳಿದ್ದನ್ನ ನಾ ಮರತ ಬಿಟ್ಟಿದ್ದೆ.

ಮರುದಿನ ನನ್ನ ಜೋಡಿ ತಾವೂ ಟಂಟಂ ಆಟೋ ಹತ್ತಿ ಬಂದ್ರು. ಮಷಿನ್ ನಡಗಲಿಲ್ಲ, ಹುಲ್ಲು ಜಮಖಾನಿ ಹಾಸಿದಂಗ ಆತು. ಲಗ್ನಾನೂ ಛಲೋ ಆತು, ನಮಗೂ ಊಟಕ್ಕ ಕರದಿದ್ರು, ಬುಂದೇಲಾಡು ಮಾಡಿದ್ರು. ಹಾಂ, ಏನ ಹೇಳಾಕತ್ತಿದ್ದೆ? ವೀರಣ್ಣಾರು ಆಮ್ಯಾಲ ಬ್ಲೇಡು ನಮ್ಮ ಕಡೇನ ಕೊಡಾಕತ್ತಿದ್ರು. ಅವರನ್ನ ನೋಡಿ ಮೇವು ಕತ್ತರಿಸೋ ಮಷಿನ್ನಿನವ್ರು ಬಂದ್ರು, ಸಾಲಿ ಮೈದಾನದವ್ರು ಬಂದ್ರು. ಬಲಗೈ ಮೊದಲಿನಂಗ ಆಗ್ಲಿಲ್ಲ, ಆತಂತ ಸುಳ್ಳು ಯಾಕ ಹೇಳ್ಲಿ. ಆದ್ರ ಮುಂಜಾನೆದ್ದು ಮಾರಿ ತೊಳಕೊಂಡು ಕುಲುಮ್ಯಾಗ ಕುಂದ್ರತಿದ್ರು, ನಾ ತಿಕ್ಕೋದು, ಅವ್ರು ಬೈಯೋದು.

ಅದಕ್ಕ ಹೇಳೂದು, ಬ್ಯಾನಿ ಬಿದ್ದಾವ್ರಿಗೆ ಸುಮ್ನ ಮಲಗು ಮಲಗು ಅನಬ್ಯಾಡ್ರಿ, ಏನರೆ ಒಂದು ಕೇಳ್ರಿ ಅವ್ರನ್ನ. ಏಳ್ರಿ ಇನ್ನ, ರೊಟ್ಟಿ ಆರತಾವ.