ಜಪಾನಿನ ಬಿಸಿನೀರಿನಲ್ಲಿ ಹನ್ನೊಂದು ನಿಮಿಷ

ಹೆಸರು: ಅಡಿವೆಯ್ಯ ತಂದೆ ಶಿವಯ್ಯ ಹಿರೇಮಠ. ವಯಸ್ಸು: 61 ವರ್ಷ. ಉದ್ಯೋಗ: ಒಕ್ಕಲುತನ ಮತ್ತು ಹಿಟ್ಟಿನ ಗಿರಣಿ. ಓದು: ಕನ್ನಡ ಶಾಲೆ, ಏಳನೆಯ ಇಯತ್ತೆ. ಸಾಕೀನ್: ಕೆರೆಹೊಸಳ್ಳಿ, ತಾಲೂಕು ಹಳಿಯಾಳ, ಜಿಲ್ಲೆ ಉತ್ತರ ಕನ್ನಡ.

ಹಳಿಯಾಳ, ದಾಂಡೇಲಿ, ಜೊಯಿಡಾ, ಮುಂಡಗೋಡ ಈ ನಾಲ್ಕೂ ತಾಲೂಕುಗಳಲ್ಲಿ ಜಪಾನಿ ಭಾಷೆಯನ್ನು ಅಲ್ಲಿಯ ಜನಕ್ಕಿಂತ ಚೆನ್ನಾಗಿ ಮಾತನಾಡಬಲ್ಲ, ಆ ದೇಶದ ಸರ್ಕಾರ ಖುದ್ದಾಗಿ ಕರೆಸಿಕೊಂಡ, ಅಲ್ಲಿಯ ಕುದಿಯುವ ನೀರಿನಲ್ಲಿ ಒಂದು ತಾಸು ಕುಳಿತು ಎದ್ದುಬಂದ ಏಕೈಕ ಮನುಷ್ಯನಾದ ನಾನು, ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ, ದಿನಾಂಕ 01-12-2025ರಂದು ನಾನು ಕೊಟ್ಟ ದೂರಿನಲ್ಲಿ ಕೆಲವು ಸಂಗತಿಗಳು ಬಿಟ್ಟುಹೋಗಿವೆ. ಹೇಳಿಕೆ ಬರೆದುಕೊಳ್ಳುತ್ತಿರುವ ಎ.ಎಸ್.ಐ. ಸಾತಪ್ಪ ಸಾಹೇಬರು ಈ ಮೇಲಿನ ಬಿರುದುಗಳನ್ನೆಲ್ಲ ಬರೆಯಲೇಬೇಕೇ ಎಂದು ಕೇಳಿದರು. ಬರೆಯಿರಿ ಎಂದು ಹೇಳಿದ್ದೇನೆ.

ಆ ದೂರಿನಲ್ಲಿ ನಾನು ನಮ್ಮೂರಿನ ಸಿದ್ದಿ ಕೇರಿಯ ಬಾಬಾಜಿ ಸಿದ್ದಿ, ವಯಸ್ಸು 60, ಎಂಬುವನು ಜಪಾನಿನಲ್ಲಿ ನನ್ನ ಕೊರಳಿನ ಇಷ್ಟಲಿಂಗವನ್ನು ಇಡುವ ಬೆಳ್ಳಿಯ ಕರಡಿಗೆಯನ್ನು ಬದಲಿಸಿ ಸೀಸದ್ದನ್ನು ಇಟ್ಟಿದ್ದಾನೆ, ಕರಡಿಗೆ ಅರ್ಧ ಕಿಲೋ ತೂಕದ್ದು, ಬೆಲೆ 1,25,000 ರೂಪಾಯಿ ಎಂದು ಬರೆಸಿದ್ದೆ. ಬಾಬಾಜಿ ಕುಂಬಾರವಾಡ ರಸ್ತೆಯ ಒಂದು ರಿಸಾರ್ಟಿನಲ್ಲಿ ಒಂಬತ್ತು ವರ್ಷದಿಂದ ಕಾವಲುಗಾರ. ದೂರಿನ ಸುದ್ದಿ ತಿಳಿದ ಮಾಲೀಕರು ಅವನನ್ನು ಮನೆಗೆ ಕಳಿಸಿದ್ದಾರೆ. ಇವತ್ತಿಗೆ ಎಂಟನೆಯ ದಿನ. ಅವನ ಮೇಲೆ ಏನೂ ಇಲ್ಲವೆಂದು ಠಾಣೆಯಿಂದ ಕಾಗದ ಬಾರದಿದ್ದರೆ ಗುರುವಾರ ದಿನಾಂಕ 11ರಂದು ಬೇರೆಯವನನ್ನು ಇಟ್ಟುಕೊಳ್ಳುವುದಾಗಿ ಹೇಳಿದ್ದಾರೆ. ಈ ಕಾರಣದಿಂದ ನಾನು ಇವತ್ತು ಬಂದಿದ್ದೇನೆ.

ಬಾಬಾಜಿಯ ಮಗಳು ಸ್ಟೆಲ್ಲಾ ಜಪಾನಿನ ಕುಸಾತ್ಸು ಎಂಬ ಬಿಸಿನೀರಿನ ಊರಿನ ವಸತಿಗೃಹವೊಂದರಲ್ಲಿ ಎರಡು ವರ್ಷದಿಂದ ಕೆಲಸಕ್ಕಿದ್ದಾಳೆ. ತಂದೆಗೆ ಟಿಕೆಟ್ ಕಳಿಸಿದಳು. ಹುಬ್ಬಳ್ಳಿಯ ಆಚೆ ಹೋಗದ ಬಾಬಾಜಿ, ಕಾಶಿಗೆ ಹೋಗಿ ಬಂದವನೆಂದು ನನ್ನನ್ನು ಜೊತೆಗೆ ಕರೆದ. ನಾನು ಮೆಕ್ಕೆಜೋಳ ಮಾರಿದ ದುಡ್ಡಿನಲ್ಲಿ ನನ್ನ ಟಿಕೆಟ್ ತೆಗೆಸಿಕೊಂಡೆ. ಜಪಾನ್ ಸರ್ಕಾರ ಕರೆಸಿಕೊಂಡಿತು ಎಂಬುದು ಊರಲ್ಲಿ ನಾನು ಹೇಳಿದ್ದು, ಕಾಗದಪತ್ರ ಇಲ್ಲ.

ದಿನಾಂಕ 18-11-2025ರಂದು ಹಳಿಯಾಳ ಬಿಟ್ಟು, ರೈಲು, ವಿಮಾನ ಎಲ್ಲ ಆಗಿ, 21ರಂದು ಮಧ್ಯಾಹ್ನ 12.25ಕ್ಕೆ ಬಸ್ಸಿನಿಂದ ಕುಸಾತ್ಸುವಿನಲ್ಲಿ ಇಳಿದೆವು. ಬಾಗಿಲು ತೆರೆದ ಕೂಡಲೇ ಒಂದು ವಾಸನೆ ಬಂತು. ಬಾಬಾಜಿ ಕೊಳೆತ ತತ್ತಿಯ ವಾಸನೆ ಎಂದ. ನಾನು ತತ್ತಿ ಮುಟ್ಟುವವನಲ್ಲವಾದ್ದರಿಂದ ಆ ಬಗ್ಗೆ ಹೇಳಲಾರೆ. ನನಗೆ ದೀಪಾವಳಿಯ ಮರುದಿನದ ಓಣಿಯ ವಾಸನೆ ಎನಿಸಿತು.

ಊರ ನಡುವೆ ನೆಲದಿಂದ ಕುದಿನೀರು ಉಕ್ಕುತ್ತದೆ. ಅದನ್ನು ಕಾಲುವೆಯಂಥ ಮರದ ದೋಣಿಗಳಲ್ಲಿ ಹರಿಸಿದ್ದಾರೆ. ಬೆಲ್ಲ ಕುದಿಸುವ ಕೊಪ್ಪರಿಗೆಯ ಹಾಗೆ ಹಗಲೆಲ್ಲ ಹಬೆ ಏಳುತ್ತಿರುತ್ತದೆ. ಬಂದವರು ಗಂಡಸು ಹೆಂಗಸೆನ್ನದೆ ಹತ್ತಿಯ ನಿಲುವಂಗಿ ಸುತ್ತಿಕೊಂಡು ಒಂದು ಸ್ನಾನದಿಂದ ಇನ್ನೊಂದು ಸ್ನಾನಕ್ಕೆ ಓಡಾಡುತ್ತಾರೆ. ಬೇರೆ ಕೆಲಸವಿಲ್ಲ. ಒಂದು ಕಡೆ ಹೆಂಗಸರು ಸಾಲಾಗಿ ನಿಂತು ಆರಡಿ ಹಲಗೆಗಳಿಂದ ನೀರನ್ನು ತಿರುವುತ್ತಾ ಹಾಡುತ್ತಿದ್ದರು. ತಣ್ಣೀರು ಬೆರೆಸಿದರೆ ಗುಣ ಹೋಗುತ್ತದೆ, ಅದಕ್ಕೆ ಹೀಗೆ ಆರಿಸುತ್ತಾರೆ ಎಂದು ಸ್ಟೆಲ್ಲಾ ಹೇಳಿದಳು. ನಮ್ಮಲ್ಲಾದರೆ ಒಂದು ಕೊಡ ಸುರಿದು ಮುಗಿಸುತ್ತಿದ್ದರು, ಹಾಡುವ ಶ್ರಮ ಉಳಿಯುತ್ತಿತ್ತು ಎಂದು ಬಾಬಾಜಿ ಅಂದ.

ದಿನಾಂಕ 22ರ ಸಂಜೆ 5.30ಕ್ಕೆ ಸ್ಟೆಲ್ಲಾ ನಮ್ಮನ್ನು ಕೂರಿಸಿ ಸ್ನಾನದ ರೀತಿ ತಿಳಿಸಿದಳು. ಮೊದಲು ಹೊರಗೆ ಮಣೆಯ ಮೇಲೆ ಕುಳಿತು ಮೈ ತೊಳೆಯಬೇಕು. ನೀರಿಗೆ ಬರಿಮೈಯಲ್ಲೇ ಇಳಿಯಬೇಕು, ಬಟ್ಟೆಯ ತುಂಡೂ ಒಳಗೆ ಬರಬಾರದು. ಹಚ್ಚೆ ಕಾಣಬಾರದು. ನನ್ನ ಎಡ ಮುಂಗೈ ಮೇಲೆ ಹೆಂಡತಿಯ ಹೆಸರು ಗುರುಸಿದ್ದವ್ವ ಎಂದು ಹಚ್ಚೆ ಇದೆ. ಉದ್ದ ಹೆಸರಾದ್ದರಿಂದ ಎರಡು ಪಟ್ಟಿ ಅಂಟಿಸಬೇಕಾಯಿತು. ಬೆಳ್ಳಿ ಬಂಗಾರ ತೆಗೆದಿಡಿ ಎಂದೂ ಹೇಳಿದಳು. ಕಳುವಾದೀತೆಂದು ಹೇಳುತ್ತಿದ್ದಾಳೆ ಎಂದು ನಾನು ತಿಳಿದೆ. ಕಾರಣ ಕೇಳಲಿಲ್ಲ. ಲಿಂಗ ಕೊರಳಿಂದ ಇಳಿಯುವುದು ನಾನು ಮಣ್ಣಾದ ಮೇಲೂ ಇಲ್ಲ ಎಂದೆ. ಅವಳು ಕೆಲಸದ ಹೊತ್ತಾಯಿತೆಂದು ಎದ್ದುಹೋದಳು.

ಊರವರ ಸ್ನಾನದ ಮನೆ ವಸತಿಗೃಹದಿಂದ 210 ಹೆಜ್ಜೆ. ನಾನು ಎಣಿಸಿದ್ದೇನೆ. ಒಳಗೆ ಬಟ್ಟೆ ಇಡಲು ಬುಟ್ಟಿಗಳಿದ್ದವು. ಬೀಗವಿಲ್ಲ, ಕಾಯುವವರಿಲ್ಲ. ಚಿಕ್ಕಂದಿನಲ್ಲಿ ಹಳ್ಳದಲ್ಲಿ ಈಜಿದ ಮೇಲೆ ನಾನೂ ಬಾಬಾಜಿಯೂ ಒಬ್ಬರನ್ನೊಬ್ಬರು ಹಾಗೆ ಕಂಡಿರಲಿಲ್ಲ. ಅವನು ಎರಡು ನಿಮಿಷ ಗೋಡೆಗೆ ಮುಖ ಮಾಡಿ ನಿಂತ. ಒಳಗಿದ್ದ ನಾಲ್ಕು ಜನ ಬಾಬಾಜಿಯನ್ನು ಒಂದು ಸಲ, ನನ್ನ ಕರಡಿಗೆಯನ್ನು ಒಂದು ಸಲ ನೋಡಿ ತಮ್ಮ ಸ್ನಾನಕ್ಕೆ ತಿರುಗಿದರು.

ಹಲಗೆಯ ಮೇಲೆ 47 ಡಿಗ್ರಿ ಎಂದು ಬರೆದಿತ್ತು. ಸುಮಾರು ಎಂಬತ್ತು ವಯಸ್ಸಿನ ಮುದುಕರೊಬ್ಬರು ಗೋಡೆ ಗಡಿಯಾರ ತೋರಿಸಿ ನನಗೆ ಏನೋ ಹೇಳಿದರು. ನಾನು ತಿಳಿದವನಂತೆ ತಲೆಯಾಡಿಸಿದೆ. ನಿಜವಾಗಿ ನನಗೆ ಆ ಭಾಷೆಯಲ್ಲಿ ಅರಿಗಾತೋ, ಅಂದರೆ ಉಪಕಾರವಾಯಿತು, ಎಂಬ ಒಂದೇ ಮಾತು ಬರುತ್ತದೆ. ಮೂರು ನಿಮಿಷಕ್ಕಿಂತ ಹೆಚ್ಚು ಕೂರಬೇಡಿ ಎಂದು ಅವರು ಹೇಳಿದ್ದು ಎಂಬುದು ಆಮೇಲೆ ಗೊತ್ತಾಯಿತು. 5.53ಕ್ಕೆ ಇಳಿದೆವು. ಮೂರು ನಿಮಿಷಕ್ಕೆ ಬಾಬಾಜಿ ಎದ್ದು, ಸಾಕು ಏಳ್ರಿ ಅಯ್ಯಾರ ಎಂದ. ಮುದುಕರೂ ಎದ್ದರು. ಒಂದು ತಾಸು ಕೂತು ಬರುತ್ತೇನೆಂದು ಗಿರಣಿಯ ಕಟ್ಟೆಯ ಮೇಲೆ ಹೇಳಿ ಬಂದಿದ್ದರಿಂದ ನಾನು ಏಳಲಿಲ್ಲ. ಮೈ ಕೆಂಪಾಗಿತ್ತು, ಕಿವಿಯಲ್ಲಿ ಗಿರಣಿ ಓಡಿದಂತೆ ಕೇಳುತ್ತಿತ್ತು. ಕೊನೆಗೆ ಗಡಿಯಾರ ನೋಡಿದಾಗ 6.04. ಆದ್ದರಿಂದ ಮೇಲೆ ಒಂದು ತಾಸು ಎಂದು ಬರೆಸಿದ್ದನ್ನು ಹನ್ನೊಂದು ನಿಮಿಷ ಎಂದು ತಿದ್ದಿಕೊಳ್ಳಬೇಕು. ಮುಂದೆ ನನಗೆ ಎಚ್ಚರವಿರಲಿಲ್ಲ. ಇದು ಮೊದಲ ದೂರಿನಲ್ಲಿ ಇಲ್ಲ.

ಕಣ್ಣು ತೆರೆದಾಗ 6.20 ಆಗಿತ್ತು. ನಾನು ಹಲಗೆ ನೆಲದ ಮೇಲೆ ಅಂಗಾತ ಬಿದ್ದಿದ್ದೆ. ಬಾಬಾಜಿ ನನ್ನ ಕಂಕುಳಿಗೆ ಕೈ ಹಾಕಿ ನೀರಿನಿಂದ ಎಳೆದು ಹಾಕಿದ್ದ. ನೆನೆದ ಶಿವದಾರ ಕೊರಳಿಗೆ ಸುತ್ತಿಕೊಂಡಿತ್ತು, ಕಾದ ಕರಡಿಗೆ ಎದೆಯ ಮೇಲೆ ರೂಪಾಯಿಯಗಲ ಬರೆ ಎಳೆದಿತ್ತು. ಅದಕ್ಕೆ ಅವನು ದಾರವನ್ನು ನನ್ನ ತಲೆಯ ಮೇಲಿನಿಂದ ತೆಗೆದಿದ್ದ. ಕರಡಿಗೆಯನ್ನು ನೆಲಕ್ಕೆ ಇಟ್ಟಿರಲಿಲ್ಲ. ಎಡ ಅಂಗೈಯಲ್ಲಿ ಎತ್ತಿ ಹಿಡಿದುಕೊಂಡು, ಬಲಗೈಯಲ್ಲಿ ಅಲ್ಲಿದ್ದ ಬಕೆಟ್ಟಿನ ಮರದ ಮುಚ್ಚಳದಿಂದ ನನಗೆ ಗಾಳಿ ಹಾಕುತ್ತಿದ್ದ. ಇನ್ನೂ ಬರಿಮೈಯಲ್ಲೇ ಇದ್ದ. ಐದನೆಯ ಇಯತ್ತೆಯ ನಂತರ ಮೊದಲ ಸಲ ಅವನು ನನ್ನನ್ನು ಹೆಸರಿನಿಂದ ಕರೆದ.

"ಅಡಿವ್ಯಾ, ಕಣ್ಣ ತಗಿಯೋ. ನಿನ್ನ ಹೆಣಾ ಒಯ್ದು ಗುರುಸಿದ್ದವ್ವನ ಮುಂದ ಹೆಂಗ ನಿಂದರ್ಲಿ ನಾ?"

ಆಮೇಲೆ ಕರಡಿಗೆಯನ್ನು ನನ್ನ ಕೊರಳಿಗೆ ಹಾಕಿ, ನಿಲುವಂಗಿ ಸುತ್ತಿ, 210 ಹೆಜ್ಜೆ ಬೆನ್ನ ಮೇಲೆ ಹೊತ್ತು ತಂದ. ನಾನು ಎಚ್ಚರ ತಪ್ಪಿದ್ದನ್ನೂ ಲಿಂಗ ಮೈಯಿಂದ ಬೇರೆಯಾದದ್ದನ್ನೂ ಯಾರಿಗೂ ಹೇಳಕೂಡದೆಂದು ದಾರಿಯಲ್ಲೇ ಅವನಿಂದ ಆಣೆ ಹಾಕಿಸಿಕೊಂಡೆ. ಮಗಳ ಮೇಲೆ ಆಣೆ ಹಾಕು ಎಂದೆ. ಹಾಕಿದ. ಸ್ಟೆಲ್ಲಾಗೆ ಕಾಲು ಜಾರಿತೆಂದು ಹೇಳಿದೆವು.

ದಿನಾಂಕ 23ರ ಬೆಳಿಗ್ಗೆ 5.40ಕ್ಕೆ ಪೂಜೆಗೆ ಕುಳಿತಾಗ ಕರಡಿಗೆ ಬಾಣಲೆಯ ತಳದಂತೆ ಕಪ್ಪಾಗಿತ್ತು. ಒಳಗಿನ ಲಿಂಗ ನನ್ನದೇ. ಆದರೆ ಮೇಲಿನದು ಬೆಳ್ಳಿಯಲ್ಲ, ನನಗೆ ಎಚ್ಚರವಿಲ್ಲದ ಹದಿನಾರು ನಿಮಿಷದಲ್ಲಿ ಬಾಬಾಜಿ ಬದಲಿಸಿದ್ದಾನೆ ಎಂದು ನಾನು ನಿಶ್ಚಯಿಸಿದೆ. ಬರಿಮೈಯಲ್ಲಿದ್ದ ಮನುಷ್ಯ ಇನ್ನೊಂದು ಕರಡಿಗೆಯನ್ನು ಎಲ್ಲಿ ಇಟ್ಟುಕೊಂಡಿದ್ದ ಎಂದು ಈಗ ಎ.ಎಸ್.ಐ. ಸಾಹೇಬರು ಕೇಳುತ್ತಿದ್ದಾರೆ. ಆಗ ಅದು ನನಗೆ ಹೊಳೆಯಲಿಲ್ಲ.

ಅಲ್ಲಿಂದ ನಾನು ಅವನೊಡನೆ ಮಾತು ಬಿಟ್ಟೆ. ನಾಚಿಕೆಯಿಂದ ಸುಮ್ಮನಿದ್ದೇನೆಂದು ಅವನು ತಿಳಿದ. ದಿನಾಂಕ 25ರಂದು ಸ್ಟೆಲ್ಲಾ ರಜೆ ಹಾಕಿ ಸಮುದ್ರ ದಂಡೆಯ ಇನ್ನೊಂದು ಬಿಸಿನೀರಿನ ಊರು ತೋರಿಸಿದಳು. ಅಲ್ಲಿ ರಸ್ತೆ ಬದಿಯಲ್ಲೇ ಕಾಲು ಮಾತ್ರ ಇಳಿಬಿಡುವ ತೊಟ್ಟಿ ಇದೆ, ಹಣ ಕೊಡಬೇಕಿಲ್ಲ. ಅದರ ಒಂದು ತುದಿಗೆ ನಾನು, ಇನ್ನೊಂದು ತುದಿಗೆ ಬಾಬಾಜಿ ಕುಳಿತೆವು. ನಡುವೆ ಹನ್ನೆರಡು ಅಡಿ. ಸ್ಟೆಲ್ಲಾ ಇಬ್ಬರ ಮುಖವನ್ನೂ ನೋಡಿ, ನನ್ನ ಪಕ್ಕಕ್ಕೆ ಬಂದು ಕುಳಿತು, ಕಾಕಾ, ಅಪ್ಪ ಏನಾರ ತಪ್ಪ ಮಾಡ್ಯಾನೇನು ಎಂದು ಕೇಳಿದಳು. ಇಲ್ಲವ್ವ ಎಂದೆ.

ದಿನಾಂಕ 28ರಂದು ಊರಿಗೆ ಬಂದೆ. ಗುರುಸಿದ್ದವ್ವ ಕರಡಿಗೆ ನೋಡಿ ಇದೇನೆಂದು ಕೇಳಿದಳು. ಎಚ್ಚರ ತಪ್ಪಿದ್ದು ಹೇಳಬೇಕಾದೀತೆಂದು, ಬಾಬಾಜಿ ಬದಲಿಸಿದ್ದಾನೆ ಎಂದಷ್ಟೇ ಹೇಳಿದೆ. ಗಿರಣಿಗೆ ಬಂದವರೂ ಕೇಳಿದರು. ಅವರಿಗೂ ಅದನ್ನೇ ಹೇಳಿದೆ. ಅವರಲ್ಲಿ ಒಬ್ಬರೂ ಇರಲಾರದು ಎನ್ನಲಿಲ್ಲ. ದೂರು ಕೊಟ್ಟೆ.

ದಿನಾಂಕ 2 ಮತ್ತು 3ರಂದು ಬಾಬಾಜಿಯನ್ನು ಠಾಣೆಗೆ ಕರೆಸಿ ನನ್ನ ಎದುರಿನಲ್ಲೇ ಕೇಳಿದರು. ಕರಡಿಗೆ ನಿನ್ನ ಕೈಗೆ ಬಂದಿತ್ತೇ ಎಂದರು. ಬಂದಿತ್ತು ಎಂದ. ಹೇಗೆ ಬಂತು ಎಂದರು. ಅದನ್ನು ಅಯ್ಯಾರನ್ನ ಕೇಳ್ರಿ ಎಂದ. ಎಲ್ಲರೂ ನನ್ನ ಕಡೆ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಎರಡು ದಿನವೂ ಅವನು ಅದರ ಮೇಲೆ ಒಂದು ಮಾತು ಹೇಳಲಿಲ್ಲ.

ನಿನ್ನೆ ದಿನಾಂಕ 08-12-2025ರಂದು ಬೆಳಿಗ್ಗೆ 11ಕ್ಕೆ, ಹೊಸ ಕರಡಿಗೆ ಮಾಡಿಸಲೆಂದು ಹಳಿಯಾಳ ಪೇಟೆಯ ಪತ್ತಾರ ಮಹಾಬಳೇಶ್ವರನಲ್ಲಿಗೆ ಹೋದೆ. ಅವನು ಕಪ್ಪಾದದ್ದನ್ನು ತಿರುಗಿಸಿ ನೋಡಿ, ಗಂಧಕದ ನೀರಾಗ ಅದ್ದಿದ್ರಿ ಏನು ಎಂದು ಕೇಳಿದ. ಹಳೆಯ ಒಡವೆಯಂತೆ ಕಾಣಲೆಂದು ತಾವೇ ಬೆಳ್ಳಿಯನ್ನು ಗಂಧಕದಿಂದ ಕಪ್ಪು ಮಾಡುವುದುಂಟು ಎಂದ. ಕುಸಾತ್ಸುವಿನ ನೀರಿನ ವಾಸನೆಯೂ, ಸ್ಟೆಲ್ಲಾ ಬೆಳ್ಳಿ ತೆಗೆದಿಡಿ ಎಂದದ್ದೂ ಆಗ ನೆನಪಾಯಿತು. ಹುಣಸೆಹಣ್ಣು, ಸೋಡಾಪುಡಿ ಹಚ್ಚಿ ಹತ್ತು ನಿಮಿಷ ತಿಕ್ಕಿದ. ಬೆಳ್ಳಗಾಯಿತು. ಮುಚ್ಚಳದ ಒಳಗೆ ನಮ್ಮಪ್ಪ ಕೊರೆಸಿದ ಶಿವಯ್ಯ ಎಂಬ ಹೆಸರು ಕಾಣಿಸಿತು. ತಕ್ಕಡಿಗೆ ಹಾಕಿದರೆ ಒಂಬತ್ತು ತೊಲಿ, ಅಂದರೆ ಸುಮಾರು ನೂರು ಗ್ರಾಂ. ಅರ್ಧ ಕಿಲೋ ಎಂದು ನಾನು ಬರೆಸಿದ್ದು ಸುಳ್ಳು.

ಅಲ್ಲಿಂದ ನೇರವಾಗಿ ಬಾಬಾಜಿಯ ಮನೆಗೆ ಹೋದೆ. ಮಧ್ಯಾಹ್ನ 1.30. ಕಟ್ಟಿಗೆ ಒಡೆಯುತ್ತಿದ್ದ. ಕೊಡಲಿ ಕೆಳಗಿಡಲಿಲ್ಲ. ನಾನು ಕರಡಿಗೆ ತೋರಿಸಿ ಎಲ್ಲ ಹೇಳಿದೆ. ಎಚ್ಚರ ತಪ್ಪಿದ್ದನ್ನು ಠಾಣೆಯಲ್ಲಿ ಹೇಳಿದ್ದರೆ ಅವತ್ತೇ ಬಿಡುತ್ತಿದ್ದರಲ್ಲ, ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಮಗಳ ಮ್ಯಾಲ ಆಣಿ ಹಾಕಿಸಿದವರು ನೀವ ಅಲ್ಲೇನ್ರಿ? ನಿಮ್ಮ ಮರ್ಯಾದಿ ನಾ ಕಾದೇನ್ರಿ ಅಯ್ಯಾರ. ನಂದು ನೀವು ಗಿರಣಿ ಕಟ್ಟೀ ಮ್ಯಾಲ ಇಟ್ರಿ."

ತಪ್ಪಾಯಿತು ಎಂದೆ. ಇದನ್ನು ತನ್ನ ಮುಂದೆ ಹೇಳಿ ಪ್ರಯೋಜನವಿಲ್ಲ, ಎಲ್ಲಿ ಬರೆಸಿದ್ದೀರೋ ಅಲ್ಲೇ ಹೋಗಿ ಹೇಳಿ ಎಂದು ಅವನು ಇನ್ನೊಂದು ಕಟ್ಟಿಗೆ ನಿಲ್ಲಿಸಿಕೊಂಡ. ಕೂರ್ರಿ ಎನ್ನಲಿಲ್ಲ.

ಇವತ್ತು ಬೆಳಿಗ್ಗೆ ಗುರುಸಿದ್ದವ್ವನಿಗೆ ನಿಜ ಹೇಳಿದೆ. ನೀವು ಅಲ್ಲೇ ಸತ್ತಿದ್ದರೂ ಅವನ ಮೇಲೇ ಬರುತ್ತಿತ್ತು ಎಂದಳು. ಬಸ್ಸಿನಲ್ಲಿ ನನ್ನೊಡನೆ ಬಂದು ಹೊರಗಿನ ಬೆಂಚಿನ ಮೇಲೆ ಕುಳಿತಿದ್ದಾಳೆ. ಕಾಗದ ಬರೆದಾಗುವವರೆಗೆ ಒಳಗೆ ಬರುವುದಿಲ್ಲವಂತೆ.

ದೂರು ಕೊಡುವ ಮೊದಲೇ ಪತ್ತಾರನಿಗೆ ಯಾಕೆ ತೋರಿಸಲಿಲ್ಲ ಎಂಬ ಪ್ರಶ್ನೆಗೆ ನನ್ನ ಉತ್ತರ: ಬಾಬಾಜಿಯ ಜಾಗದಲ್ಲಿ ನಮ್ಮ ಓಣಿಯವನು ಯಾರಾದರೂ ಇದ್ದಿದ್ದರೆ ಮೊದಲು ಪತ್ತಾರನ ಹತ್ತಿರವೇ ಹೋಗುತ್ತಿದ್ದೆ. ಸಿದ್ದಿಯವನು ಎಂದಮೇಲೆ ಅದರ ಅಗತ್ಯ ಕಾಣಲಿಲ್ಲ. ಈ ವಾಕ್ಯವನ್ನು ಬಿಡಬಹುದು ಎಂದು ಎ.ಎಸ್.ಐ. ಸಾಹೇಬರು ಹೇಳಿದರು. ಇರಲಿ ಎಂದಿದ್ದೇನೆ.

ಬಾಬಾಜಿ ಸಿದ್ದಿ ನನ್ನದು ಏನನ್ನೂ ತೆಗೆದುಕೊಂಡಿಲ್ಲ. ಅವನು ನನ್ನ ಜೀವ ಉಳಿಸಿದ್ದಾನೆ. ನನ್ನ ದೂರನ್ನು ಹಿಂದೆ ಪಡೆಯುತ್ತೇನೆ, ಸುಳ್ಳು ದೂರು ಕೊಟ್ಟದ್ದಕ್ಕೆ ಆಗುವುದನ್ನು ಅನುಭವಿಸಲು ತಯಾರಿದ್ದೇನೆ. ಈ ಹೇಳಿಕೆಯ ಪ್ರತಿಯನ್ನು ನಾಳೆ ಬೆಳಿಗ್ಗೆ ಕುಂಬಾರವಾಡದ ಬಸ್ಸಿಗೆ ನಾನೇ ಒಯ್ದು ರಿಸಾರ್ಟಿನ ಮಾಲೀಕರಿಗೆ ಓದಿ ಹೇಳುತ್ತೇನೆ. ಎಚ್ಚರ ತಪ್ಪಿದ ಭಾಗವನ್ನೂ ಓದುತ್ತೇನೆ.

ಬರೆದದ್ದನ್ನು ನನಗೆ ಎರಡು ಸಲ ಓದಿ ಕೇಳಿಸಿದ್ದಾರೆ. ತಿದ್ದಿಸಿಕೊಂಡದ್ದು ಸೇರಿ ಎಲ್ಲವೂ ನಾನು ಹೇಳಿದಂತೆಯೇ ಇದೆ, ನಿಜವಿದೆ. ದೂರಿನಲ್ಲಿ ಕಳೆದುಹೋದ ಮೊತ್ತದ ಜಾಗದಲ್ಲಿರುವ 1,25,000 ಎಂಬುದನ್ನು ಹೊಡೆದುಹಾಕಿ, ನನಗೆ ನಿಜವಾಗಿ ಆದ ನಷ್ಟವನ್ನು ಬರೆಸಬೇಕೆಂದು ಎ.ಎಸ್.ಐ. ಸಾಹೇಬರು ಹೇಳಿದ್ದರಿಂದ ಬರೆಸುತ್ತೇನೆ: ಪತ್ತಾರನಿಗೆ ತಿಕ್ಕಿದ ಕೂಲಿ, ಎಂಬತ್ತು ರೂಪಾಯಿ.

ಸ್ಥಳ: ಹಳಿಯಾಳ
ದಿನಾಂಕ: 09-12-2025
ಸಹಿ: ಅ. ಶಿ. ಹಿರೇಮಠ