ಬಿಟ್ಟ ಪುಟದಿಂದ ಮುಂದೆ

ಮಾನ್ಯ ಅಧ್ಯಕ್ಷರೇ, ವಾಚನಾಲಯದ ಕಾರ್ಯದರ್ಶಿಗಳೇ, ಸ್ವಂತ ಹಲ್ಲಿರುವ ಹಾಗೂ ನನ್ನಿಂದ ಕಟ್ಟಿಸಿಕೊಂಡ ಹಲ್ಲಿರುವ ಸಮಸ್ತ ಸಭಿಕರೇ,

ಈ ಮೈಕನ್ನು ಸ್ವಲ್ಪ ಮೇಲೆತ್ತುತ್ತೇನೆ. ಹಾಂ, ಸರಿ. ಇಲ್ಲ, ಸ್ವಲ್ಪ ಕೆಳಗೆ. ಇರಲಿ ಬಿಡಿ.

ಪ್ರತಿ ವರ್ಷದಂತೆ ಈ ವಾರ್ಷಿಕೋತ್ಸವದಲ್ಲಿ ‘ಇತ್ತೀಚೆಗೆ ನನಗೆ ಹಿಡಿಸಿದ್ದು’ ಎಂಬ ವಿಷಯವಾಗಿ ಮಾತನಾಡಲು ನನ್ನನ್ನು ಕರೆದಿದ್ದೀರಿ. ಜೊತೆಗೆ, ತಿಂಗಳ ಕೊನೆಗೆ ನನ್ನ ಹಲ್ಲಿನ ಕ್ಲಿನಿಕ್ ಮುಚ್ಚುತ್ತಿದ್ದೇನೆಂದು ಈ ಫಲಕ ಕೊಟ್ಟು ಸನ್ಮಾನಿಸಿದ್ದೀರಿ. ಫಲಕವೂ ಭಾರ, ಮನಸ್ಸೂ ಭಾರ ಎಂದು ಶುರುಮಾಡಬೇಕೆಂದು ಬರೆದುಕೊಂಡು ಬಂದಿದ್ದೆ. ಆ ಹಾಳೆ ಇಲ್ಲೇ ಜೇಬಿನಲ್ಲಿದೆ, ಅಲ್ಲೇ ಇರಲಿ. ಬರೆದದ್ದೆಲ್ಲ ಈಗ ಸ್ವಲ್ಪ ಹೊತ್ತಿನ ಹಿಂದೆ ಕೆಟ್ಟುಹೋಯಿತು. ಕೆಡಿಸಿದವರು ನಮ್ಮ ಅಧ್ಯಕ್ಷರು.

ಯಾರು ನಮ್ಮ ಅಧ್ಯಕ್ಷರು? ನಮ್ಮದೇ ರಸ್ತೆಯ ಆ ತುದಿಯ ದಂತವೈದ್ಯರು. ಇಷ್ಟು ವರ್ಷ ಒಂದೇ ರಸ್ತೆಯಲ್ಲಿ ಬೋರ್ಡು ಹಾಕಿಕೊಂಡು, ಒಬ್ಬರ ಹೊಟ್ಟೆಯ ಮೇಲೆ ಒಬ್ಬರು ಹೊಡೆಯದೆ ಬದುಕಿದ್ದೇವೆ. ಮಿತಭಾಷಿ. ಮಿತಭಾಷಿಗಳು ಬಾಯಿ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನೀವೇ ಕಂಡಿರಿ. ನನ್ನನ್ನು ಪರಿಚಯಿಸುತ್ತ ಏನೆಂದರು? “ಹೋದ ವರ್ಷ ಡಾಕ್ಟರು ಇಲ್ಲೇ ನಿಂತು ದೋಣಿ ಕಟ್ಟೋ ಅಣ್ಣತಮ್ಮಂದಿರ ಕಾದಂಬರಿ ಬಗ್ಗೆ ಹೇಳಿದ್ರು. ಅದರ ಕೊನೆ ಎಷ್ಟು ಚೆನ್ನಾಗಿದೆ ಗೊತ್ತಾ? ಅವರ ಮನೆಯವರು ನನ್ನ ಹತ್ತಿರ ಹಲ್ಲು ತೋರಿಸೋಕೆ ಬಂದಾಗ ಹೇಳಿದ್ರು.” ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ತಟ್ಟುತ್ತ ತಟ್ಟುತ್ತ ಅರ್ಥವಾಯಿತು.

ಒಂದೇ ಏಟಿಗೆ ಎರಡು ಸುದ್ದಿ. ನನ್ನ ಶ್ರೀಮತಿಯವರು ಹಲ್ಲು ತೋರಿಸಲು ಬೇರೆ ಡಾಕ್ಟರ ಹತ್ತಿರ ಹೋಗುತ್ತಾರೆ. ಮತ್ತು ಅವರಿಗೆ ಆ ಕಾದಂಬರಿಯ ಕೊನೆ ಗೊತ್ತು. ಮೊದಲನೆಯದನ್ನು ಹೇಗಾದರೂ ನುಂಗಿಕೊಂಡೇನು. ಎರಡನೆಯದು ಗಂಟಲಲ್ಲೇ ಇದೆ. ಯಾಕೆಂದರೆ ಆ ಕೊನೆ ನನಗೇ ಗೊತ್ತಿಲ್ಲ.

ನಗಬೇಡಿ. ಅಥವಾ ನಗಿ, ಹಲ್ಲು ಕಟ್ಟಿಕೊಟ್ಟದ್ದೇ ಅದಕ್ಕೆ.

ನೀರು ಇದೆಯಾ? ಸಾಕು, ಸಾಕು.

ವಿಷಯಕ್ಕೆ ಬರುತ್ತೇನೆ. ಈ ವರ್ಷ ನನಗೆ ಹಿಡಿಸಿದ್ದೇನು? ಒಂದು ಹಳೆಯ ಧ್ವನಿಮುದ್ರಣ. ಹಾಡುವವಳು ಬಾಯಿ ತೆರೆಯುವ ಮುಂಚೆ ಕುರ್ಚಿ ಕಿರ್ ಎನ್ನುತ್ತದೆ, ಯಾರೋ ಹಿಂದೆ ಕೆಮ್ಮುತ್ತಾರೆ, ಆಮೇಲೆ ಆ ದನಿ ಬರುತ್ತದೆ ನೋಡಿ, ಅಬ್ಬಾ! ಆ ಕುರ್ಚಿಯ ಸದ್ದಿಗಾಗಿಯೇ ನಾನು ಅದನ್ನು ಹಾಕಿ ಹಾಕಿ ಕೇಳಿದ್ದೇನೆ. ಹಾಡು ಪೂರ್ತಿ ಕೇಳಿದ್ದೇನೆಯೇ? ಕೇಳಬೇಕು. ಇನ್ನೊಂದು ಸಿನಿಮಾ. ಇಡೀ ಸಿನಿಮಾ ಕೆಟ್ಟು ನಿಂತ ಲಿಫ್ಟಿನೊಳಗೆ ನಡೆಯುತ್ತದೆ. ಇಬ್ಬರೇ ಪಾತ್ರಧಾರಿಗಳು, ಒಂದು ಚೀಲ ಕಿತ್ತಳೆಹಣ್ಣು. ಎಂಥ ಧೈರ್ಯ ಆ ನಿರ್ದೇಶಕನದು! ನೋಡಿ, ಎಲ್ಲರೂ ನೋಡಲೇಬೇಕು. ಲಿಫ್ಟ್ ತೆರೆಯಿತೇ ಎಂದು ಕೇಳಬೇಡಿ. ಅಷ್ಟು ಹೊತ್ತಿಗೆ ನಾನು ಎದ್ದು ಬೇರೇನೋ ಹಾಕಿದ್ದೆ.

ನನ್ನ ಸ್ವಭಾವವೇ ಹಾಗೆ. ಕಾಲಿಗೆ ಚಕ್ರ, ಕಣ್ಣಿಗೂ ಚಕ್ರ. ಒಂದು ಪುಸ್ತಕದ ನಡುವೆ ಇನ್ನೊಂದು ಕರೆಯುತ್ತದೆ. ಅಲ್ಲಿಗೊಂದು ಚೀಟಿ ಇಟ್ಟು ಎದ್ದುಬಿಡುತ್ತೇನೆ. ಆದರೆ ಓದಿದಷ್ಟನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಯಾರಿಗೆ ಹೇಳುವುದು? ಸಭಿಕರೇ, ನನ್ನಷ್ಟು ಪುಣ್ಯವಂತ ಯಾರು? ದಿನವಿಡೀ ನನ್ನ ಮುಂದೆ ಜನ ಬಾಯಿ ತೆರೆದು ಮಲಗುತ್ತಾರೆ. ಬಾಯಲ್ಲಿ ಹತ್ತಿ, ಕನ್ನಡಿ, ಎಂಜಲು ಎಳೆಯುವ ನಳಿಗೆ. ಏಳುವಂತಿಲ್ಲ, ‘ಇದನ್ನು ಆಗಲೇ ಹೇಳಿದ್ರಿ’ ಎನ್ನುವಂತಿಲ್ಲ. ರೂಟ್ ಕೆನಾಲ್ ಎಂದರೆ ಮೂರ್ನಾಲ್ಕು ಸಿಟ್ಟಿಂಗ್. ಮೊದಲನೆಯದಕ್ಕೇ ನೋವು ಹೋಗುತ್ತದೆ, ನೋವು ಹೋದವನು ಮತ್ತೆ ಬರುವುದಿಲ್ಲ. ಅದಕ್ಕೆ ನಾನೊಂದು ಉಪಾಯ ಮಾಡಿದ್ದೆ. ನರ ತೆಗೆಯುವಾಗ ಕಥೆ ಶುರುಮಾಡುತ್ತಿದ್ದೆ. ಒಳ್ಳೆ ಜಾಗದಲ್ಲಿ ನಿಲ್ಲಿಸಿ, ಬಾಯಿಂದ ಕೈ ತೆಗೆಯುತ್ತಿದ್ದೆ. ಅವರು ಮರಗಟ್ಟಿದ ತುಟಿಯಲ್ಲಿ “ಆಮೇಲೆ?” ಎನ್ನುತ್ತಿದ್ದರು. “ಮುಂದಿನ ಸಿಟ್ಟಿಂಗ್‌ಗೆ” ಎನ್ನುತ್ತಿದ್ದೆ. ಬರುತ್ತಿದ್ದಿರಿ! ಇಲ್ಲಿ ಕೂತವರಲ್ಲಿ ಎಷ್ಟೋ ಜನರ ದವಡೆ ಇವತ್ತು ಗಟ್ಟಿಯಾಗಿದ್ದರೆ ಅದಕ್ಕೆ ಸಾಹಿತ್ಯವೇ ಕಾರಣ.

ಕೊನೆಯ ಸಿಟ್ಟಿಂಗ್‌ನಲ್ಲಿ ಏನು ಮಾಡುತ್ತಿದ್ದೆ? ಕ್ಯಾಪ್ ಕೂರಿಸಿ, ಕೈ ತೊಳೆಯುತ್ತ, “ಕೊನೆ ಮಾತ್ರ ನೀವೇ ಓದ್ಕೊಳ್ಳಿ, ನಾನು ಹೇಳಿದ್ರೆ ರುಚಿ ಕೆಡುತ್ತೆ” ಎನ್ನುತ್ತಿದ್ದೆ. ಎಂಥ ರಸಿಕ ಡಾಕ್ಟರು ಎಂದುಕೊಂಡು ಹೋಗುತ್ತಿದ್ದಿರಿ ಎಂದು ನಾನು ತಿಳಿದಿದ್ದೆ. ಈ ಗಳಿಗೆಯವರೆಗೂ.

ಕ್ಷಮಿಸಿ, ಜೇಬಿನಲ್ಲಿ ಫೋನ್ ಗುಂಯ್ ಎಂದಿತು. ಆಮೇಲೆ ನೋಡುತ್ತೇನೆ.

ಅಧ್ಯಕ್ಷರು ಮಾತು ಮುಂದುವರಿಸುತ್ತಿದ್ದಾಗ ನಾನು ವೇದಿಕೆಯಲ್ಲಿ ಕೂತು ಫೋನ್ ಒತ್ತುತ್ತಿದ್ದೆ. ಕಾರ್ಯದರ್ಶಿಗಳು ಕಣ್ಣು ಬಿಟ್ಟರು, ಸರಿಯೇ. ನನ್ನ ಹೆಂಡತಿ ಅಗೋ ಮೂರನೇ ಸಾಲಿನಲ್ಲಿ ಕೂತಿದ್ದಾಳೆ. ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಕೂತು ನಿಮಗೆಲ್ಲ ಸಮಯ ಗೊತ್ತುಮಾಡಿಕೊಡುವವಳು ಅವಳೇ, ಪರಿಚಯ ಬೇಡ. “ನಿನಗೆ ಕೊನೆ ಹೇಗೆ ಗೊತ್ತು?” ಎಂದು ಕಳಿಸಿದೆ. “ನೀವು ಚೀಟಿ ಇಟ್ಟಲ್ಲಿಂದ ಓದ್ತೀನಿ” ಎಂದು ಬಂತು. “ಮೊದಲಿನದು?” “ಪ್ಲೈವುಡ್ ಗೋಡೆ ಅಲ್ವಾ, ನೀವು ಹೇಳೋದೆಲ್ಲ ಕೇಳಿಸುತ್ತೆ.” “ಎಲ್ಲಾ ಪುಸ್ತಕಾನಾ?” “ಸಿನಿಮಾನೂ.” “ನನಗೆ ಯಾಕೆ ಹೇಳಲಿಲ್ಲ?” ಎಂದು ಕೇಳಿದೆ. ಉತ್ತರ ಬರುವ ಮೊದಲೇ ಕಾರ್ಯದರ್ಶಿಗಳು ನನ್ನ ಹೆಸರು ಕೂಗಿಬಿಟ್ಟರು.

ಒಂದು ಪ್ರಶ್ನೆ, ಸಭಿಕರೇ. ಮುಂದಿನ ಕೋಣೆಯಿಂದ ಆಗಾಗ “ಅಯ್ಯೋ, ಹೌದಾ!” ಎಂಬ ಉದ್ಗಾರ ಕೇಳುತ್ತಿತ್ತು. ಬಿಲ್ ನೋಡಿ ಅನ್ನುತ್ತಿದ್ದೀರಿ ಎಂದು ನಾನು ಸುಮ್ಮನಿದ್ದೆ. ಇವಳಿಂದ ಕಥೆಯ ಕೊನೆ ಕೇಳಿದವರು ಎಷ್ಟು ಜನ? ಕೈ ಎತ್ತಿ ನೋಡೋಣ.

ಸಾಕು. ಇಳಿಸಿ. ಇಳಿಸಿ ಎಂದೆನಲ್ಲ. ಕಾರ್ಯದರ್ಶಿಗಳೇ, ನೀವೂನಾ?

ನನಗೆ ಹೊಟ್ಟೆಕಿಚ್ಚಾಗುತ್ತಿದೆ. ಫಲಕ ಹಿಡಿದುಕೊಂಡು ಹೀಗೆ ಹೇಳಬಾರದು, ಆದರೂ ಆಗುತ್ತಿದೆ. ಊರಿಗೆಲ್ಲ ಸಿಕ್ಕ ಅರ್ಧ ನನಗೊಬ್ಬನಿಗೇ ಸಿಗಲಿಲ್ಲ.

ಬೇಡವಾಗಿತ್ತು ಎಂದೂ ಅಲ್ಲ. ನಾನು ಚಿಕ್ಕವನಿದ್ದಾಗ ನಮ್ಮಕ್ಕ ಬಟಾಣಿ ಸುಲಿಯುತ್ತ ಒಂದು ದಪ್ಪ ಕಾದಂಬರಿ ಓದಿ ಹೇಳುತ್ತಿದ್ದಳು. ಪುಟ ತಿರುಗಿಸುವುದು ನನ್ನ ಕೆಲಸ, ಅವಳ ಕೈ ಖಾಲಿ ಇರುತ್ತಿರಲಿಲ್ಲ. ಅವಳು ಉಸಿರು ತೆಗೆದುಕೊಂಡರೆ ಸಾಕು, ನಾನು “ಆಮೇಲೆ?” ಎನ್ನುತ್ತಿದ್ದೆ. “ತಡಿಯೋ ಮಾರಾಯ” ಎನ್ನುತ್ತಿದ್ದಳು. ಕಥೆ ಮುಗಿಯುವ ಮೊದಲು ಅವಳ ಮದುವೆಯಾಯಿತು, ಪುಸ್ತಕ ಅವಳ ಪೆಟ್ಟಿಗೆಯಲ್ಲೇ ಹೋಯಿತು. ಎಷ್ಟೋ ವರ್ಷದ ಮೇಲೆ ಅವಳ ಮನೆಗೆ ಹೋದಾಗ ಚಪ್ಪಲಿ ಬಿಡುವ ಮುಂಚೆಯೇ ಕೇಳಿದೆ, ಆ ಹುಡುಗಿ ವಾಪಸ್ ಬಂದಳಾ ಅಕ್ಕ? “ಯಾವ ಹುಡುಗಿ? ಓ, ಅದಾ! ಅವತ್ತೇ ಓದಿ ಮುಗಿಸ್ದೆ ಕಣೋ. ಏನಾಯ್ತೋ, ಒಂದೂ ನೆನಪಿಲ್ಲ” ಎಂದಳು. ನನಗೋ, ಆ ಹುಡುಗಿಯ ಕೊಡೆಯ ಬಣ್ಣ ಕೂಡ ನೆನಪಿತ್ತು! ಅವತ್ತೇ ನಿಶ್ಚಯಿಸಿದೆ. ಮುಗಿದದ್ದು ಮರೆತುಹೋಗುತ್ತದೆ. ಮುಗಿಸದಿದ್ದರೆ ಉಳಿಯುತ್ತದೆ.

ಇದನ್ನು ಈ ಮುಂಚೆ ಯಾರಿಗೂ ಹೇಳಿರಲಿಲ್ಲ. ಇವತ್ತು ಯಾಕೆ ಹೇಳಿದೆ? ಕ್ಲಿನಿಕ್ ಮುಗಿಯುತ್ತಿದೆ, ಅದಕ್ಕೆ. ಆ ಕುರ್ಚಿಯನ್ನು ಕೊಳ್ಳುವವರು ಬಂದು ನೋಡಿ ಹೋದರು. ಅವರು ಅದನ್ನು ಎತ್ತಿ, ಇಳಿಸಿ, ತಿರುಗಿಸಿ ನೋಡುವಾಗ ನಾನು ಹೊರಗೆ ಹೋಗಿ ನಿಂತೆ. ಇನ್ನು ಮೇಲೆ ಮನೆಯಲ್ಲಿ ನಾವಿಬ್ಬರೇ. ಬಾಯಲ್ಲಿ ಹತ್ತಿ ಇಲ್ಲದವರಿಗೆ ಕಥೆ ಹೇಳುವುದು ನನಗೆ ಬರುತ್ತದೆಯೇ? ಅವರು ಮಾತಾಡಿದರೆ ಕೂತು ಕೇಳಲು ಬರುತ್ತದೆಯೇ? ನನಗೆ ಭಯವಾಗುತ್ತಿದೆ, ನಿಜ ಹೇಳುತ್ತೇನೆ. ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ, ನೀವೇ ನೋಡುತ್ತಿದ್ದೀರಿ.

ಮತ್ತೆ ಗುಂಯ್ ಎಂದಿತು. ಅಧ್ಯಕ್ಷರೇ, ಅಪ್ಪಣೆ ಕೊಡಿ, ನೋಡಿಬಿಡುತ್ತೇನೆ. ಕನ್ನಡಕ ಎಲ್ಲಿ? ತಲೆಯ ಮೇಲಾ? ಹೌದು.

“ಹೇಳೋಕೆ ಬಂದಾಗೆಲ್ಲ ನೀವು ಮುಂದಿನ ಪುಸ್ತಕದಲ್ಲಿದ್ರಿ.”

ಇದು ಮೊದಲನೆಯದು. ಇನ್ನೊಂದಿದೆ.

“ಆ ಡಾಕ್ಟರು ಬಾಯಿಂದ ಕೈ ತೆಗೆದ ಮೇಲೆ, ‘ಆಮೇಲೆ?’ ಅಂತ ಕೇಳ್ತಾರೆ.”

ಒಂದು ನಿಮಿಷ.

ಅಧ್ಯಕ್ಷರೇ, ನೀವು ಮಿತಭಾಷಿ ಎಂದೆ. ಹಿಂತೆಗೆದುಕೊಳ್ಳುತ್ತೇನೆ. ನಿಮ್ಮ ಆ ಒಂದು ಮಾತು ನನ್ನ ಮೂವತ್ತು ಚಿಲ್ಲರೆ ವರ್ಷದ ಕಥೆಗಳಿಗಿಂತ ದೊಡ್ಡದು. ಆ ಮಾತನ್ನು ನಾನು ಅಕ್ಕನ ನಂತರ ಯಾರಿಗೂ ಆಡಿಲ್ಲ. ಬೇರೆಯವರಿಂದ ಹೇಳಿಸಿಕೊಂಡೆ, ಅಷ್ಟೇ.

ಈ ವರ್ಷ ನನಗೆ ಹಿಡಿಸಿದ್ದು ಏನು ಎಂದು ಕೇಳಿದಿರಿ. ಹಾಡನ್ನೂ ಲಿಫ್ಟನ್ನೂ ಬಿಡಿ. ನನ್ನ ಮನೆಯಲ್ಲೇ, ನನ್ನ ಚೀಟಿಗಳ ಆಚೆ ಪುಟಗಳಲ್ಲಿ ಒಬ್ಬಳು ಓದುತ್ತ ಕೂತಿದ್ದಳು. ನಾನು ಊರೆಲ್ಲ ಹುಡುಕಿ ತಂದು ಹಂಚಿದ್ದರಲ್ಲಿ ಇಂಥದ್ದು ಒಂದೂ ಇರಲಿಲ್ಲ. ಎಲ್ಲರಿಗಿಂತ ತಡವಾಗಿ ನನಗೆ ತಿಳಿಯಿತು.

ಹೋದ ವರ್ಷ ಇಲ್ಲಿಲ್ಲದವರಿಗೆ ಆ ಕಾದಂಬರಿಯನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಮಾತು ಬಿಟ್ಟ ಅಣ್ಣತಮ್ಮಂದಿರು ಮಾಳಿಗೆಯ ಕೋಣೆಯಲ್ಲಿ ಒಂದು ದೋಣಿ ಕಟ್ಟುತ್ತಾರೆ. ಒಬ್ಬ ಹಗಲು ಕಟ್ಟುತ್ತಾನೆ, ಇನ್ನೊಬ್ಬ ಅವನು ಬಿಟ್ಟಲ್ಲಿಂದ ಸಂಜೆ ಮುಂದುವರಿಸುತ್ತಾನೆ. ದೋಣಿ ಪೂರ್ತಿಯಾದ ದಿನ ಇಬ್ಬರಿಗೂ ಒಟ್ಟಿಗೇ ಹೊಳೆಯುತ್ತದೆ, ಅದು ಬಾಗಿಲಿಗಿಂತ ದೊಡ್ಡದು. ಆಗ ತಮ್ಮ ಮೊದಲ ಸಲ ಬಾಯಿ ಬಿಡುತ್ತಾನೆ: “ಅಣ್ಣಾ, ಇದನ್ನ ಹೊರಗೆ ತೆಗೆಯೋದು ಹೇಗೆ?” ಅಲ್ಲಿ ನಾನು ಚೀಟಿ ಇಟ್ಟೆ.

ಮೂರನೇ ಸಾಲಿನಲ್ಲಿ ಅವಳು ಎದ್ದಿದ್ದಾಳೆ. ಪ್ರತಿ ವರ್ಷವೂ ನನ್ನ ಮಾತು ಮುಗಿಯುವ ಮುಂಚೆ ಎದ್ದು ಹೊರಗೆ ಹೋಗಿಬಿಡುತ್ತಾಳೆ, ಗೋಡೆಯಾಚೆ ಕೇಳಿಯಾಗಿರುತ್ತಲ್ಲ. ಬಾಗಿಲು ಅವಳ ಎಡಕ್ಕೇ ಇದೆ. ದಾರಿ ಬಿಡಿ, ದಾರಿ ಬಿಡಿ. ಆದರೆ ಬ್ಯಾಗು? ಬ್ಯಾಗು ಕುರ್ಚಿಯ ಮೇಲೇ ಇದೆ. ಹೊರಗಲ್ಲ, ಈ ಕಡೆಗೇ ಬರುತ್ತಿದ್ದಾಳೆ.

ಉಳಿದ ನನ್ನ ಸಮಯವನ್ನು ಅವಳಿಗೆ ಬಿಟ್ಟುಕೊಡುತ್ತೇನೆ. ಕೇಳಿ ಮರೆತರೆ ಮರೆಯುತ್ತೇನೆ, ಒಂದೇ ಮನೆಯಲ್ಲಿರುತ್ತೇವೆ, ಮತ್ತೆ ಕೇಳಿದರಾಯಿತು. ಫಲಕ ಕೊಟ್ಟವರಿಗೆ, ಇಷ್ಟು ವರ್ಷ ಬಾಯಿ ತೆರೆದು ಕೇಳಿದವರಿಗೆ, ಕೊನೆ ಗೊತ್ತಿದ್ದೂ ನನ್ನೆದುರು ಗೊತ್ತಿಲ್ಲದ ಹಾಗೆ ಇದ್ದ ನಿಮ್ಮೆಲ್ಲರ ದೊಡ್ಡ ಮನಸ್ಸಿಗೆ ನನ್ನ ಧನ್ಯವಾದ. ನಮಸ್ಕಾರ.

ಬಾ. ಮೆಟ್ಟಿಲು ನೋಡ್ಕೊಂಡು ಬಾ. ಮೈಕ್ ನಿನ್ನ ಎತ್ತರಕ್ಕೆ ಸರಿಯಾಗಿದೆ. ನಾನು ಇಲ್ಲೇ ಕೂತಿರ್ತೀನಿ, ಏಳಲ್ಲ.

ಆಮೇಲೆ?